ಒಂದು ಪುಟ, ಹಲವು ಬಾಗಿಲು

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಶಿಲಾಸ್ತಂಭವಿದೆ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ವಿದ್ಯಾರ್ಜನೆಗಾಗಿ ಕಂಚಿಗೆ ಹೋದ ಬಗೆ, ಅಲ್ಲಿ ಪಲ್ಲವರ ಕಡೆಯವರೊಡನೆ ಕಲಹವಾಗಿ ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದ ಬಗೆ, ಇವೆಲ್ಲವೂ ಆ ಸ್ತಂಭದ ಮೇಲೆ ಸಂಸ್ಕೃತ ಪದ್ಯಗಳಲ್ಲಿ ಮೂಡಿವೆ. ರಚಿಸಿದವನು ಐದನೆಯ ಶತಮಾನದ ಕುಬ್ಜನೆಂಬ ಕವಿ. ಈ ಶಾಸನವನ್ನು ಓದಲು ಬೇಕಾದುದು ಎರಡೇ: ಹಗಲಿನ ಬೆಳಕು ಮತ್ತು ಆ ಲಿಪಿಯ ತಿಳಿವು. ಕಲ್ಲಿಗೂ ಓದುವವನ ಕಣ್ಣಿಗೂ ನಡುವೆ ಮೂರನೆಯವರು ಯಾರೂ ಇಲ್ಲ.

ಇದೇ ಶಾಸನದ ಪಾಠವನ್ನು ಇಂದು ಕಂಪ್ಯೂಟರಿನ ಪರದೆಯ ಮೇಲೂ ಓದಬಹುದು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳು 1902ರಲ್ಲಿ ಹೊರಬಂದ ಏಳನೆಯ ಸಂಪುಟದಲ್ಲಿಯೂ, ಸೊರಬ ತಾಲ್ಲೂಕಿನ ಶಾಸನಗಳು 1904ರ ಎಂಟನೆಯ ಸಂಪುಟದಲ್ಲಿಯೂ ಸೇರಿವೆ. ಆ ಸಂಪುಟಗಳ ಚಿತ್ರಪ್ರತಿಗಳು ಅಂತರ್ಜಾಲದಲ್ಲಿ ದೊರೆಯುತ್ತವೆ. ಆದರೆ ಇಲ್ಲಿ ಪುಟಕ್ಕೂ ಕಣ್ಣಿಗೂ ನಡುವೆ ಒಬ್ಬ ಮಧ್ಯಸ್ಥನಿದ್ದಾನೆ. ದೂರದ ಕಂಪ್ಯೂಟರಿನಿಂದ ಪುಟವನ್ನು ತರಿಸಿ, ಅದನ್ನು ಬಿಡಿಸಿ, ಪರದೆಯ ಮೇಲೆ ಹರಡುವ ಆ ತಂತ್ರಾಂಶಕ್ಕೆ ‘ಬ್ರೌಸರ್’ ಎಂದು ಹೆಸರು. ಕನ್ನಡದಲ್ಲಿ ಇದನ್ನು ಜಾಲದರ್ಶಕವೆಂದು ಕರೆಯುವುದುಂಟು.

ಶಾಸನವನ್ನು ಓದುವವರು ಕೆಲವರು. ಬ್ರೌಸರನ್ನು ತೆರೆಯುವವರು ಬಹು ಮಂದಿ. ಹೊಲದ ಪಹಣಿ ಬೇಕಾದ ರೈತ, ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬುವ ಬಾಲಕಿ, ಅಡಕೆಯ ಅಂದಿನ ಧಾರಣೆಯನ್ನು ನೋಡುವ ಬೆಳೆಗಾರ, ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕಾಗಿ ಕಾದಿರುವ ಮನೆಯವರು, ಇವರೆಲ್ಲರೂ ಇಂದು ಹಾಯ್ದುಹೋಗಬೇಕಾದ ಬಾಗಿಲು ಅದು. ಹೊಲದ ದಾಖಲೆ, ಆಧಾರ್ ಸಂಖ್ಯೆ, ಬ್ಯಾಂಕಿನ ಗುಪ್ತಪದ ಎಲ್ಲವೂ ಆ ಬಾಗಿಲಿನ ಮೂಲಕವೇ ಹೋಗಿಬರುತ್ತವೆ. ಮನೆಗೆ ಬಾಗಿಲು ಮಾಡಿಸುವಾಗ ಮರ ಯಾವುದು, ಅಗುಳಿ ಭದ್ರವೇ ಎಂದು ಹತ್ತು ಸಲ ವಿಚಾರಿಸುವ ಜನ, ಈ ಬಾಗಿಲಿನ ವಿಷಯದಲ್ಲಿ ಮಾತ್ರ ಕಂಪ್ಯೂಟರಿನೊಡನೆ ಬಂದುದನ್ನೇ ವಿಚಾರಿಸದೆ ಒಪ್ಪಿಕೊಳ್ಳುತ್ತಾರೆ. ಬಾಗಿಲು ಒಂದೇ ಅಲ್ಲ, ಹಲವು ಇವೆ. ಅವುಗಳಲ್ಲಿ ಗುಣಭೇದವೂ ಇದೆ ಎಂಬುದನ್ನು ತಿಳಿಯುವುದು ಅಗತ್ಯ.

ಮೊದಲು ಬ್ರೌಸರ್ ಮಾಡುವ ಕೆಲಸವನ್ನು ಗಮನಿಸಬೇಕು. ಹಸ್ತಪ್ರತಿಯನ್ನು ಮುದ್ರಣಾಲಯಕ್ಕೆ ಕಳುಹಿಸುವಾಗ ‘ಇದು ತಲೆಬರಹ, ಇಲ್ಲಿಂದ ಹೊಸ ಪ್ಯಾರಾ, ಇಲ್ಲಿ ಚಿತ್ರ ಬರಬೇಕು’ ಎಂದು ಅಂಚಿನಲ್ಲಿ ಗುರುತು ಹಾಕುವುದುಂಟಷ್ಟೆ. ಜಾಲದ ಪುಟವೂ ಅಂಥದೇ ಗುರುತುಗಳಿಂದ ಕೂಡಿದ ಒಂದು ಬರಹ. ಆ ಗುರುತುಗಳ ಭಾಷೆಗೆ ಎಚ್.ಟಿ.ಎಂ.ಎಲ್. ಎಂದು ಹೆಸರು. ಬರಹದ ಅಂದಚೆಂದಗಳನ್ನು ಹೇಳಲು ಸಿ.ಎಸ್.ಎಸ್. ಎಂಬ ಇನ್ನೊಂದು ಭಾಷೆಯೂ, ಗುಂಡಿ ಒತ್ತಿದಾಗ ಪುಟವು ಚಲಿಸುವಂತೆ ಮಾಡಲು ಜಾವಾಸ್ಕ್ರಿಪ್ಟ್ ಎಂಬ ಮತ್ತೊಂದು ಭಾಷೆಯೂ ಉಂಟು. ಬ್ರೌಸರ್ ಈ ಮೂರನ್ನೂ ಓದಿ, ಅಕ್ಷರ ಜೋಡಿಸುವವನಂತೆ ಪುಟವನ್ನು ಕಟ್ಟಿ ನಿಲ್ಲಿಸುತ್ತದೆ. ಹೀಗೆ ಕಟ್ಟುವ ಒಳಭಾಗಕ್ಕೆ ‘ಎಂಜಿನ್’ ಎನ್ನುತ್ತಾರೆ. ಹೊರಗೆ ಕಾಣುವ ಗುಂಡಿ, ಪಟ್ಟಿ, ಬಣ್ಣಗಳು ಅದರ ಮೇಲಿನ ಕವಚ ಮಾತ್ರ.

ಈ ವ್ಯತ್ಯಾಸವನ್ನು ಮಲೆನಾಡಿನ ಬಸ್ಸುಗಳ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಒಂದೇ ಕಂಪನಿಯ ಚಾಸಿಸ್ಸಿನ ಮೇಲೆ ಬೇರೆ ಬೇರೆ ಮಾಲೀಕರು ಬೇರೆ ಬೇರೆ ಬಾಡಿ ಕಟ್ಟಿಸುತ್ತಾರೆ. ಒಂದರ ಬಣ್ಣ ಹಸಿರು, ಇನ್ನೊಂದರದು ಕೆಂಪು. ಒಂದರಲ್ಲಿ ಮೆತ್ತನೆಯ ಆಸನ, ಇನ್ನೊಂದರಲ್ಲಿ ಹಾಡು. ಆದರೆ ಏರಿನಲ್ಲಿ ಎಳೆಯುವ ಶಕ್ತಿ ಎರಡಕ್ಕೂ ಒಂದೇ. ಬ್ರೌಸರುಗಳ ಸ್ಥಿತಿಯೂ ಹಾಗೆಯೇ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ ಎಂಬ ಐದು ಹೆಸರುಗಳು ಐದು ಬೇರೆ ವಸ್ತುಗಳಂತೆ ತೋರಿದರೂ, ಐದಕ್ಕೂ ‘ಕ್ರೋಮಿಯಂ’ ಎಂಬ ಒಂದೇ ಮೂಲ, ‘ಬ್ಲಿಂಕ್’ ಎಂಬ ಒಂದೇ ಎಂಜಿನ್. ಫೈರ್‌ಫಾಕ್ಸ್ ‘ಗೆಕ್ಕೊ’ ಎಂಬ ತನ್ನದೇ ಎಂಜಿನ್ನನ್ನು ಹೊಂದಿದೆ. ಆಪಲ್ ಕಂಪನಿಯ ಸಫಾರಿಗೆ ‘ವೆಬ್‌ಕಿಟ್’ ಎಂಬುದು ಬೇರೆ. ಆದರೆ ಅದು ವಿಂಡೋಸ್ ಕಂಪ್ಯೂಟರುಗಳಿಗೆ ಈಗ ದೊರೆಯುವುದಿಲ್ಲ. ಆದುದರಿಂದ ಅಂಗಡಿಯಲ್ಲಿ ಹತ್ತು ಹೆಸರು ಕಂಡರೂ ನಿಜವಾದ ಭಿನ್ನತೆ ಎರಡು ಮೂರಕ್ಕಿಂತ ಹೆಚ್ಚಿಲ್ಲ.

ಸ್ಥಿತಿ ಹೀಗೇಕಾಯಿತು ಎಂಬುದಕ್ಕೆ ಚರಿತ್ರೆಯೇ ಉತ್ತರ. ಸ್ವಿಟ್ಜರ್ಲೆಂಡಿನ ಸೆರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟು, 1990ರಲ್ಲಿ ಮೊದಲ ಬ್ರೌಸರನ್ನು ರಚಿಸಿದರು. 1993ರ ಏಪ್ರಿಲ್ 30ರಂದು ಸೆರ್ನ್ ಸಂಸ್ಥೆ ಈ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಬರಹದ ನಡುವೆಯೇ ಚಿತ್ರವನ್ನು ತೋರಬಲ್ಲ ‘ಮೊಸಾಯಿಕ್’ ಹುಟ್ಟಿತು. 1994ರಲ್ಲಿ ‘ನೆಟ್‌ಸ್ಕೇಪ್ ನ್ಯಾವಿಗೇಟರ್’ ಬಂದಿತು. ಅದೇ ವರ್ಷ ಜಾಲದ ಭಾಷೆಗೆ ಎಲ್ಲರೂ ಒಪ್ಪುವ ವ್ಯಾಕರಣವನ್ನು ನಿಗದಿಮಾಡಲು ವಿಶ್ವವ್ಯಾಪಿ ಜಾಲ ಒಕ್ಕೂಟವೂ ಸ್ಥಾಪನೆಯಾಯಿತು. 1995ರ ಆಗಸ್ಟ್ 15ರಂದು ಭಾರತದ ಜನಸಾಮಾನ್ಯರಿಗೆ ಅಂತರ್ಜಾಲ ದೊರೆಯತೊಡಗಿತು. ಅದೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಣಕ್ಕಿಳಿಯಿತು.

ಆ ಕಂಪನಿ ತನ್ನ ಬ್ರೌಸರನ್ನು ವಿಂಡೋಸಿನೊಡನೆಯೇ ಕೊಡತೊಡಗಿದ್ದರಿಂದ ಜನ ಬೇರೆಯದನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ನೆಟ್‌ಸ್ಕೇಪ್ ಸೋತಿತು. 1998ರಲ್ಲಿ ಅಮೆರಿಕದ ಸರ್ಕಾರವೇ ಈ ಏಕಾಧಿಪತ್ಯದ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಆದರೂ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಎಕ್ಸ್‌ಪ್ಲೋರರನ್ನೇ ಬಳಸುತ್ತಿದ್ದರು. ಗೆದ್ದ ಮೇಲೆ ಆದುದೇನು? 2001ರಲ್ಲಿ ಅದರ ಆರನೆಯ ಆವೃತ್ತಿ ಬಂದಿತು. ಏಳನೆಯದು ಬರಲು 2006ರವರೆಗೆ ಕಾಯಬೇಕಾಯಿತು. ಎದುರಾಳಿಯಿಲ್ಲದ ಕುಸ್ತಿಪಟು ಅಖಾಡಕ್ಕೆ ಇಳಿಯುವುದನ್ನೇ ಬಿಟ್ಟಂತೆ, ಐದು ವರ್ಷಗಳ ಕಾಲ ಜಾಲದ ಬಾಗಿಲು ದುರಸ್ತಿಯಿಲ್ಲದೆ ನಿಂತಿತು. ‘ಈ ತಾಣವನ್ನು ಎಕ್ಸ್‌ಪ್ಲೋರರಿನಲ್ಲಿ ನೋಡುವುದು ಉತ್ತಮ’ ಎಂಬ ಫಲಕ ಹೊತ್ತ ತಾಣಗಳು ಎಲ್ಲೆಲ್ಲೂ ತಲೆದೋರಿದವು. ಪುಟವನ್ನು ಎಲ್ಲರಿಗಾಗಿ ಬರೆಯುವುದನ್ನು ಬಿಟ್ಟು ಒಂದು ಬಾಗಿಲಿಗಾಗಿ ಬರೆಯುವ ಅಭ್ಯಾಸ ಬೆಳೆಯಿತು.

ಈ ಅಭ್ಯಾಸದಿಂದ ಹೆಚ್ಚು ನೊಂದ ಭಾಷೆಗಳಲ್ಲಿ ಕನ್ನಡವೂ ಒಂದು. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಪತ್ರಿಕೆಯನ್ನು ಜಾಲದಲ್ಲಿ ಆರಂಭಿಸಿದ ಕಾಲಕ್ಕೆ, ಕಂಪ್ಯೂಟರುಗಳಿಗೆ ಕನ್ನಡ ಅಕ್ಷರಗಳ ಪರಿಚಯವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ ಫಾಂಟುಗಳ ಮೂಲಕ ಕೆಲಸ ಸಾಗಿಸಬೇಕಾಗಿತ್ತು. ಒಂದೊಂದು ತಾಣಕ್ಕೆ ಒಂದೊಂದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಪುಟ ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಒಂದು ಗೊಂದಲ ಕಾಣುತ್ತಿತ್ತು. ಪುಟದೊಡನೆಯೇ ಫಾಂಟನ್ನು ಕಳುಹಿಸುವ ಉಪಾಯವೊಂದು ಹೊಳೆಯಿತು. ಆದರೆ ಎಕ್ಸ್‌ಪ್ಲೋರರ್ ಒಪ್ಪುವ ಕಡತವೇ ಬೇರೆ, ನೆಟ್‌ಸ್ಕೇಪ್ ಒಪ್ಪುವ ಕಡತವೇ ಬೇರೆ. ಹೀಗಾಗಿ ಕನ್ನಡ ಓದಬಲ್ಲವನಿಗೂ ತನ್ನ ಭಾಷೆಯ ಪತ್ರಿಕೆ ಓದಲು ಸಿಗಬೇಕಾದರೆ ಅವನ ಮೇಜಿನ ಮೇಲೆ ಇಂಥದೇ ಬ್ರೌಸರ್ ಇರಬೇಕೆಂಬ ಪರಾಧೀನ ಸ್ಥಿತಿ ಒದಗಿತ್ತು.

ಇದರಿಂದ ಬಿಡುಗಡೆ ತಂದುದು ‘ಯುನಿಕೋಡ್’ ಎಂಬ ಸರ್ವಸಮ್ಮತ ಅಕ್ಷರಸಂಕೇತ. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಆ ಸಂಕೇತದ ಕನ್ನಡವನ್ನು ತೋರಬಲ್ಲುದಾಯಿತು. ಅದರೊಡನೆ ಬಂದ ಕನ್ನಡ ಫಾಂಟಿಗೆ ‘ತುಂಗಾ’ ಎಂದು ಹೆಸರು. ಶಿವಮೊಗ್ಗ ಜಿಲ್ಲೆಯಲ್ಲಿ ಹರಿಯುವ ನದಿಯ ಹೆಸರು ಲೋಕದ ಕಂಪ್ಯೂಟರುಗಳಲ್ಲೆಲ್ಲ ನೆಲೆಸಿತು.

ಸಂಕೇತವಿದ್ದ ಮಾತ್ರಕ್ಕೆ ಕನ್ನಡ ಕಾಣುವುದಿಲ್ಲ. ಬ್ರೌಸರ್ ಅದನ್ನು ಸರಿಯಾಗಿ ಹೆಣೆಯಬೇಕು. ‘ತೀರ್ಥಹಳ್ಳಿ’ ಎಂಬ ಹೆಸರನ್ನೇ ನೋಡಬಹುದು. ಕಂಪ್ಯೂಟರಿನ ಸ್ಮೃತಿಯಲ್ಲಿ ‘ರ’ ಮೊದಲು, ‘ಥ’ ಆಮೇಲೆ ಇರುತ್ತವೆ. ಪರದೆಯ ಮೇಲೆ ಮಾತ್ರ ‘ಥ’ ಮೊದಲು ಬಂದು, ರಕಾರವು ಅರ್ಕಾವೊತ್ತಾಗಿ ಅದರ ಬಲಕ್ಕೆ ಸರಿಯಬೇಕು. ‘ಳ್ಳಿ’ಯಲ್ಲಿ ಎರಡನೆಯ ಳಕಾರ ಕೆಳಗಿಳಿದು ಒತ್ತಾಗಬೇಕು, ಗುಡಿಸು ಮೇಲೇರಬೇಕು. ಈ ಹೆಣಿಗೆಯನ್ನು ಮಾಡಲು ಕ್ರೋಮ್, ಫೈರ್‌ಫಾಕ್ಸ್ ಎರಡೂ ‘ಹಾರ್ಫ್‌ಬಜ್’ ಎಂಬ ಒಂದೇ ಮುಕ್ತ ತಂತ್ರಾಂಶವನ್ನು ಬಳಸುತ್ತವೆ. ಎದುರಾಳಿಗಳಾದರೂ ಅಕ್ಷರದ ವಿಷಯದಲ್ಲಿ ಅವು ಒಂದೇ ಗುರುವಿನ ಶಿಷ್ಯರು. ಆದುದರಿಂದ ಇಂದು ಕನ್ನಡ ಪುಟವು ಯಾವ ಪ್ರಮುಖ ಬ್ರೌಸರಿನಲ್ಲಿಯೂ ನೆಟ್ಟಗೆ ಕಾಣುತ್ತದೆ. ಸರ್ವಸಮ್ಮತವಾದ ನಿಯಮವೊಂದಿದ್ದರೆ ಓದುಗನು ಬಾಗಿಲಿಗೆ ಅಡಿಯಾಳಾಗಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಎಕ್ಸ್‌ಪ್ಲೋರರಿನ ಏಕಾಧಿಪತ್ಯವನ್ನು ಮೊದಲು ಅಲುಗಿಸಿದುದು ಫೈರ್‌ಫಾಕ್ಸ್. ಸೋತ ನೆಟ್‌ಸ್ಕೇಪ್ 1998ರಲ್ಲಿ ತನ್ನ ಮೂಲ ಬರಹವನ್ನು ಬಹಿರಂಗಗೊಳಿಸಿತು. ಅದರ ಬೇರಿನಿಂದ ಚಿಗುರಿದ ಮೊಜಿಲ್ಲಾ ಸಮುದಾಯ 2004ರ ನವೆಂಬರ್ 9ರಂದು ಫೈರ್‌ಫಾಕ್ಸಿನ ಮೊದಲ ಆವೃತ್ತಿಯನ್ನು ಲೋಕಕ್ಕೆ ನೀಡಿತು. 2008ರ ಸೆಪ್ಟೆಂಬರಿನಲ್ಲಿ ಗೂಗಲ್ ಕಂಪನಿಯ ಕ್ರೋಮ್ ಬಂದಿತು. ಎಕ್ಸ್‌ಪ್ಲೋರರ್ ಹಿಂದೆ ಸರಿದು, 2022ರ ಜೂನ್ 15ರಂದು ವಿಶ್ರಾಂತಿ ಪಡೆಯಿತು. ಅದರ ಉತ್ತರಾಧಿಕಾರಿಯಾದ ಎಡ್ಜ್ 2015ರಲ್ಲಿ ಸ್ವಂತ ಎಂಜಿನ್ನಿನೊಡನೆ ಹುಟ್ಟಿದರೂ, 2020ರ ಜನವರಿಯಲ್ಲಿ ಕ್ರೋಮಿಯಂ ಮೂಲವನ್ನೇ ಸ್ವೀಕರಿಸಿತು. ಒಪೆರಾ 2013ರಲ್ಲಿಯೇ ಹಾಗೆ ಮಾಡಿತ್ತು. ಒಂದು ಏಕಾಧಿಪತ್ಯ ಮುರಿದ ಎಡೆಯಲ್ಲಿ ಇನ್ನೊಂದು ಬೆಳೆಯುವ ಲಕ್ಷಣ ಹೀಗೆ ಕಾಣತೊಡಗಿತು.

ಈಗ ನಿತ್ಯದ ಬಳಕೆಯ ದೃಷ್ಟಿಯಿಂದ ಇವುಗಳನ್ನು ಹೋಲಿಸಿ ನೋಡಬಹುದು. ಎಲ್ಲ ತಾಣಗಳೂ ತೊಡಕಿಲ್ಲದೆ ತೆರೆದುಕೊಳ್ಳಬೇಕೆಂಬುದು ಮೊದಲ ಅಪೇಕ್ಷೆ. ಇದರಲ್ಲಿ ಕ್ರೋಮ್ ಮುಂದು. ಏಕೆಂದರೆ ಬಹುಮಂದಿ ಅದನ್ನೇ ಬಳಸುವುದರಿಂದ ತಾಣ ಕಟ್ಟುವವರು ಮೊದಲು ಅದರಲ್ಲಿಯೇ ಪರೀಕ್ಷಿಸುತ್ತಾರೆ. ಅದೇ ಎಂಜಿನ್ನಿನ ಎಡ್ಜ್, ಬ್ರೇವ್ ಮೊದಲಾದವುಗಳಿಗೂ ಈ ಅನುಕೂಲವುಂಟು. ಎಕ್ಸ್‌ಪ್ಲೋರರಿನ ಕಾಲಕ್ಕಾಗಿ ಕಟ್ಟಿದ ಹಳೆಯ ಕಚೇರಿ ತಾಣಗಳನ್ನು ತೆರೆಯಬೇಕಾದರೆ ಎಡ್ಜ್ ಒಳಗೆ ಅದಕ್ಕೆಂದೇ ಒಂದು ವಿಶೇಷ ಏರ್ಪಾಡಿದೆ. ಫೈರ್‌ಫಾಕ್ಸಿನಲ್ಲಿ ಬಹುಪಾಲು ತಾಣಗಳು ಚೆನ್ನಾಗಿಯೇ ನಡೆಯುತ್ತವೆ. ಆದರೂ ಕ್ರೋಮಿನಲ್ಲಿ ಮಾತ್ರ ಪರೀಕ್ಷಿಸಿದ ಅರ್ಜಿ ನಮೂನೆಯೊಂದು ಅಲ್ಲಿ ತೊಡರುವುದುಂಟು. ಇದು ಫೈರ್‌ಫಾಕ್ಸಿನ ದೋಷಕ್ಕಿಂತ ತಾಣ ಕಟ್ಟಿದವರ ಆಲಸ್ಯವೆನ್ನಬೇಕು.

ಎರಡನೆಯ ಅಪೇಕ್ಷೆ, ಇರುವ ಕಂಪ್ಯೂಟರಿನಲ್ಲಿ ಹಗುರವಾಗಿ ನಡೆಯಬೇಕೆಂಬುದು. ಹಳ್ಳಿಯ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಇರುವ ಕಂಪ್ಯೂಟರುಗಳು ಸಾಮಾನ್ಯವಾಗಿ ಹಳೆಯವು. ಅವುಗಳ ಸ್ಮೃತಿಯ ಸಾಮರ್ಥ್ಯ ಕಡಿಮೆ. ಆಧುನಿಕ ಬ್ರೌಸರುಗಳೆಲ್ಲವೂ ಪುಟಗಳನ್ನು ಪ್ರತ್ಯೇಕ ಕೋಣೆಗಳಲ್ಲಿ ಇರಿಸಿದಂತೆ ನಡೆಸುತ್ತವೆ. ಒಂದು ಪುಟ ಕೆಟ್ಟರೆ ಉಳಿದವು ಕೆಡದಿರುವುದು ಇದರ ಲಾಭ. ಸ್ಮೃತಿ ಹೆಚ್ಚು ಖರ್ಚಾಗುವುದು ನಷ್ಟ. ಬಹಳ ಹೊತ್ತು ಮುಟ್ಟದೆ ಬಿಟ್ಟ ಟ್ಯಾಬುಗಳನ್ನು ನಿದ್ರೆಗೆ ಕಳುಹಿಸುವ ಉಪಾಯ ಎಡ್ಜ್ ಮತ್ತು ಕ್ರೋಮ್ ಎರಡರಲ್ಲಿಯೂ ಇದೆ. ಸ್ಮೃತಿ ತೀರುತ್ತ ಬಂದಾಗ ಫೈರ್‌ಫಾಕ್ಸ್ ಕೂಡ ಹಳೆಯ ಟ್ಯಾಬುಗಳನ್ನು ಇಳಿಸುತ್ತದೆ. ಯಾವುದು ಹಗುರ ಎಂಬುದಕ್ಕೆ ಎಲ್ಲ ಕಂಪ್ಯೂಟರುಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಗುಡವಿಯ ಪಕ್ಷಿಧಾಮದ ಚಿತ್ರಗಳಿರುವ ಪುಟ, ಒಂದು ದಿನಪತ್ರಿಕೆ, ಒಂದು ಸರ್ಕಾರಿ ತಾಣ, ಹೀಗೆ ಅವೇ ಪುಟಗಳನ್ನು ಎರಡು ಬ್ರೌಸರುಗಳಲ್ಲಿ ತೆರೆದು, ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಖರ್ಚನ್ನು ಅಳೆದರೆ ಆ ಕಂಪ್ಯೂಟರಿನ ಮಟ್ಟಿಗೆ ನಿಜ ತಿಳಿಯುತ್ತದೆ. ಬ್ರೌಸರನ್ನು ಬದಲಿಸುವುದಕ್ಕಿಂತ ಬೇಡದ ಇಪ್ಪತ್ತು ಟ್ಯಾಬುಗಳನ್ನು ಮುಚ್ಚುವುದರಿಂದಲೇ ಹೆಚ್ಚು ಲಾಭವಾಗುವುದೂ ಉಂಟು.

ಮೂರನೆಯದು ಆಯುಸ್ಸಿನ ಪ್ರಶ್ನೆ. ಬ್ರೌಸರಿನಲ್ಲಿ ಆಗಾಗ ಬಿರುಕುಗಳು ಪತ್ತೆಯಾಗುತ್ತಲೇ ಇರುತ್ತವೆ. ತಯಾರಕರು ತಿದ್ದುಪಡಿಗಳನ್ನು ಕಳುಹಿಸಿ ಅವುಗಳನ್ನು ಮುಚ್ಚುತ್ತಾರೆ. ತಿದ್ದುಪಡಿ ನಿಂತ ಬ್ರೌಸರ್ ಅಗುಳಿ ಮುರಿದ ಬಾಗಿಲಿನಂತೆ. 2023ರ ಫೆಬ್ರವರಿಯಲ್ಲಿ ಕ್ರೋಮ್ ವಿಂಡೋಸ್ 7ನ್ನು ಕೈಬಿಟ್ಟಿತು. ಫೈರ್‌ಫಾಕ್ಸ್ ತನ್ನ 115ನೆಯ ಆವೃತ್ತಿಯ ಭದ್ರತಾ ತಿದ್ದುಪಡಿಗಳನ್ನು ಆ ಹಳೆಯ ಕಂಪ್ಯೂಟರುಗಳಿಗಾಗಿ ಅದರಾಚೆಗೂ ಹಲವು ಬಾರಿ ಮುಂದುವರಿಸಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಇಂಥ ಕಂಪ್ಯೂಟರುಗಳನ್ನು ಎಸೆಯಬೇಕಾಗಿಲ್ಲ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿ, ಅದರೊಡನೆ ಬರುವ ಫೈರ್‌ಫಾಕ್ಸನ್ನು ಬಳಸಬಹುದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳು ಇಂಥ ಮುಕ್ತ ತಂತ್ರಾಂಶದಲ್ಲಿಯೇ ಕಂಪ್ಯೂಟರ್ ಶಿಕ್ಷಣವನ್ನು ನಡೆಸುತ್ತಿವೆ.

ನಾಲ್ಕನೆಯದು ಭಾಷೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರ ಪಟ್ಟಿಗಳನ್ನೂ ಕನ್ನಡದಲ್ಲಿ ಪಡೆಯಬಹುದು. ಫೈರ್‌ಫಾಕ್ಸಿನ ಕನ್ನಡ ರೂಪ ಸ್ವಯಂಸೇವಕರ ದುಡಿಮೆಯ ಫಲ. ಕನ್ನಡ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯದಲ್ಲಿ ಎಡ್ಜ್ ಮೆಚ್ಚತಕ್ಕದ್ದು. ದೃಷ್ಟಿ ಮಂದವಾದವರಿಗೂ, ಅಕ್ಷರ ಬಾರದ ಹಿರಿಯರಿಗೂ ಇದು ಸಣ್ಣ ಉಪಕಾರವಲ್ಲ.

ಐದನೆಯದು, ಎಲ್ಲಕ್ಕಿಂತ ಗಹನವಾದುದು. ಬಾಗಿಲಿನಲ್ಲಿ ನಿಂತವನು ಹೋಗಿಬರುವವರನ್ನು ಗುರುತಿಟ್ಟುಕೊಳ್ಳುತ್ತಾನೆಯೇ ಎಂಬ ಪ್ರಶ್ನೆ ಅದು. ತಾಣಗಳು ಕಂಪ್ಯೂಟರಿನಲ್ಲಿ ‘ಕುಕಿ’ ಎಂಬ ಸಣ್ಣ ಗುರುತಿನ ಚೀಟಿಗಳನ್ನು ಇರಿಸುತ್ತವೆ. ಒಮ್ಮೆ ಪ್ರವೇಶಿಸಿದವರನ್ನು ಮರಳಿ ಗುರುತಿಸಲು ಅವು ಬೇಕು. ಆದರೆ ಪುಟದ ಮೂಲೆಯಲ್ಲಿ ಕುಳಿತ ಜಾಹೀರಾತು ಕಂಪನಿಯೂ ತನ್ನದೊಂದು ಚೀಟಿ ಇರಿಸಿ, ಅದೇ ವ್ಯಕ್ತಿ ಬೇರೆ ತಾಣಕ್ಕೆ ಹೋದಾಗ ಅವನನ್ನು ಗುರುತಿಸುತ್ತದೆ. ಬೆಳಿಗ್ಗೆ ಶುಂಠಿಯ ಕೊಳೆರೋಗದ ಔಷಧ ಹುಡುಕಿದವನಿಗೆ ಸಂಜೆ ಸುದ್ದಿ ಓದುವಾಗ ಔಷಧದ ಜಾಹೀರಾತೇ ಎದುರಾಗುವುದು ಹೀಗೆ. ಇಂಥ ಹೊರಗಿನವರ ಚೀಟಿಗಳ ಹಾವಳಿಯನ್ನು ಫೈರ್‌ಫಾಕ್ಸ್, ಸಫಾರಿ, ಬ್ರೇವ್ ತಾವಾಗಿಯೇ ಕಟ್ಟಿಹಾಕುತ್ತವೆ. ಎಡ್ಜ್ ಮಧ್ಯಮ ಮಟ್ಟದ ತಡೆಯನ್ನಿಟ್ಟಿದೆ. ಕ್ರೋಮ್ ಅವನ್ನು ನಿಲ್ಲಿಸುವುದಾಗಿ ಹಲವು ವರ್ಷ ಹೇಳುತ್ತ ಬಂದು, ಕೊನೆಗೆ ಆ ಯೋಜನೆಯನ್ನು ಕೈಬಿಟ್ಟಿತು. ಬೇಕಾದವರು ವ್ಯವಸ್ಥೆಗಳ ಪಟ್ಟಿಗೆ ಹೋಗಿ ತಾವೇ ತಡೆಯಬೇಕು. ಜಾಹೀರಾತೇ ಗೂಗಲ್ ಕಂಪನಿಯ ಮುಖ್ಯ ಆದಾಯವೆಂಬುದನ್ನು ಇಲ್ಲಿ ನೆನೆಯಬಹುದು. 2024–25ರಲ್ಲಿ ಕ್ರೋಮ್ ತನ್ನ ಉಪಾಂಗಗಳ ನಿಯಮವನ್ನು ಬದಲಿಸಿದಾಗ, ಹಳೆಯ ನಿಯಮದಂತೆ ರಚಿತವಾಗಿದ್ದ ಪ್ರಬಲ ಜಾಹೀರಾತು ತಡೆಗಳು ಅದರಲ್ಲಿ ನಿಂತುಹೋದವು; ಫೈರ್‌ಫಾಕ್ಸ್ ಅವುಗಳನ್ನು ಉಳಿಸಿಕೊಂಡಿತು.

ಹಾಗೆಂದು ಫೈರ್‌ಫಾಕ್ಸ್ ಸರ್ವಥಾ ಸ್ವತಂತ್ರವೆಂದೂ ತಿಳಿಯಲಾಗದು. ಅದು ಲಾಭಾಪೇಕ್ಷೆಯಿಲ್ಲದ ಪ್ರತಿಷ್ಠಾನದ ಆಶ್ರಯದಲ್ಲಿದ್ದರೂ, ಗೂಗಲ್ ಹುಡುಕಾಟವನ್ನು ಮೊದಲ ಆಯ್ಕೆಯಾಗಿ ಇರಿಸಿರುವುದಕ್ಕೆ ಅದೇ ಗೂಗಲ್ ಕೊಡುವ ಹಣವೇ ಅದರ ಆದಾಯದ ದೊಡ್ಡ ಪಾಲು. ಬ್ರೇವ್, ವಿವಾಲ್ಡಿಗಳು ಒಳ್ಳೆಯ ಗುಣಗಳನ್ನು ಹೊಂದಿದ್ದರೂ ಎಂಜಿನ್ನಿಗಾಗಿ ಕ್ರೋಮಿಯಂನ್ನೇ ನೆಚ್ಚಿವೆ. ನಾರ್ವೆಯಲ್ಲಿ ಹುಟ್ಟಿದ ಒಪೆರಾ 2016ರಲ್ಲಿ ಚೀನಾದ ಹೂಡಿಕೆದಾರರ ಕೈಸೇರಿತು. ಯಾವ ಬಾಗಿಲೂ ಬಿಟ್ಟಿಯಾಗಿ ಬರುವುದಿಲ್ಲ. ಬೆಲೆಯನ್ನು ಯಾರು, ಯಾವ ರೂಪದಲ್ಲಿ ತೆರುತ್ತಾರೆಂಬುದನ್ನು ಮಾತ್ರ ಅರಿತಿರಬೇಕು.

ಬ್ರೌಸರ್ ಎಷ್ಟೇ ಒಳ್ಳೆಯದಾದರೂ ಬಳಸುವವರ ಎಚ್ಚರಕ್ಕೆ ಅದು ಬದಲಿಯಾಗದು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಅರ್ಜಿ ತುಂಬಲು ಸೇವಾಕೇಂದ್ರದ ಕಂಪ್ಯೂಟರಿಗೆ ಹೋಗುತ್ತಾರೆ. ಅಲ್ಲಿ ‘ಗುಪ್ತಪದವನ್ನು ಉಳಿಸಬೇಕೇ?’ ಎಂದು ಬ್ರೌಸರ್ ಕೇಳಿದಾಗ ‘ಹೌದು’ ಎಂದರೆ, ಮುಂದೆ ಕುಳಿತವನ ಕೈಗೆ ಮನೆಯ ಬೀಗದ ಕೈ ಕೊಟ್ಟಂತಾಗುತ್ತದೆ. ಅಂಥ ಕಡೆ ಖಾಸಗಿ ಕಿಟಕಿಯನ್ನು ತೆರೆದು ಕೆಲಸ ಮಾಡುವುದು ಲೇಸು. ಕ್ರೋಮಿನಲ್ಲಿ ಇದನ್ನು ‘ಇನ್‌ಕಾಗ್ನಿಟೊ’ ಎಂದೂ ಎಡ್ಜಿನಲ್ಲಿ ‘ಇನ್‌ಪ್ರೈವೇಟ್’ ಎಂದೂ ಕರೆಯುತ್ತಾರೆ. ಕಿಟಕಿಯನ್ನು ಮುಚ್ಚಿದೊಡನೆ ನೋಡಿದ ಪುಟಗಳ ಪಟ್ಟಿ, ಕುಕಿಗಳು ಅಳಿಯುತ್ತವೆ; ಇಳಿಸಿಕೊಂಡ ಕಡತಗಳು ಮಾತ್ರ ಉಳಿಯುತ್ತವೆ, ಅವನ್ನು ಕೈಯಾರೆ ಅಳಿಸಬೇಕು. ಖಾಸಗಿ ಕಿಟಕಿಯೆಂದರೆ ಅದೃಶ್ಯನಾಗುವ ಅಂಜನವೆಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಭೇಟಿ ಕೊಟ್ಟ ತಾಣಕ್ಕೂ ಅಂತರ್ಜಾಲ ಸಂಪರ್ಕ ಒದಗಿಸುವವರಿಗೂ ಅದು ಏನನ್ನೂ ಮರೆಮಾಡುವುದಿಲ್ಲ.

ವಿಳಾಸಪಟ್ಟಿಯ ಬೀಗದ ಚಿಹ್ನೆಯ ವಿಷಯದಲ್ಲಿಯೂ ಇಂಥದೇ ಭ್ರಮೆಯುಂಟು. ಕಂಪ್ಯೂಟರಿಗೂ ತಾಣಕ್ಕೂ ನಡುವಣ ಮಾತನ್ನು ದಾರಿಯಲ್ಲಿ ಯಾರೂ ಕದ್ದು ಕೇಳಲಾರರು ಎಂಬುದಷ್ಟೇ ಅದರ ಅರ್ಥ. ಆಚೆಯ ತುದಿಯಲ್ಲಿರುವವನು ಸಜ್ಜನನೆಂಬ ಭರವಸೆ ಅದರಲ್ಲಿಲ್ಲ. ಮೋಸದ ತಾಣವೂ ಬೀಗವನ್ನು ಪಡೆಯಬಲ್ಲದು. ಜನ ಇದನ್ನು ತಪ್ಪಾಗಿ ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಬೀಗದ ಚಿತ್ರವನ್ನು ತೆಗೆದು ಬೇರೊಂದು ಚಿಹ್ನೆಯನ್ನಿಟ್ಟಿತು. ವಿದ್ಯಾರ್ಥಿವೇತನದ ಹೆಸರಿನ ತಾಣವೊಂದು ಎದುರಾದಾಗ ನೋಡಬೇಕಾದುದು ಬೀಗವನ್ನಲ್ಲ, ವಿಳಾಸವನ್ನು. ಸರ್ಕಾರದ ತಾಣಗಳ ಹೆಸರು ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ.

ಹಾಗಾದರೆ ಯಾವ ಬ್ರೌಸರನ್ನು ಆರಿಸಬೇಕು? ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತನೆ ಮಾಡುವಾಗ ಒಂದೇ ಉಳಿಯನ್ನು ನೆಚ್ಚುವುದಿಲ್ಲ. ಒರಟು ಕೆಲಸಕ್ಕೆ ಒಂದು, ಕುಸುರಿಗೆ ಇನ್ನೊಂದು. ಜಾಣನಾದ ಬಳಕೆದಾರನೂ ಕಂಪ್ಯೂಟರಿನಲ್ಲಿ ಎರಡು ಬೇರೆ ಎಂಜಿನ್ನುಗಳ ಬ್ರೌಸರುಗಳನ್ನು ಇರಿಸಿಕೊಳ್ಳುತ್ತಾನೆ. ನಿತ್ಯದ ಓದಿಗೆ ಗುರುತಿನ ಚೀಟಿಗಳನ್ನು ತಡೆಯುವ ಫೈರ್‌ಫಾಕ್ಸ್. ಅದರಲ್ಲಿ ತೊಡರುವ ಅರ್ಜಿಗಳಿಗೂ ಗಟ್ಟಿಯಾಗಿ ಓದಿಸುವುದಕ್ಕೂ ವಿಂಡೋಸಿನೊಡನೆಯೇ ಬಂದಿರುವ ಎಡ್ಜ್. ಹೀಗೆ ಹಂಚಿಕೊಂಡರೆ ಹಣದ ಖರ್ಚೇನೂ ಇಲ್ಲ. ಒಂದು ತಾಣ ತೆರೆಯದಿದ್ದಾಗ ‘ನೆಟ್ ಹೋಗಿದೆ’ ಎಂದು ಕೈಚೆಲ್ಲುವ ಬದಲು ಇನ್ನೊಂದು ಬಾಗಿಲನ್ನು ತಟ್ಟಿ ನೋಡುವ ಅನುಕೂಲವೂ ಉಂಟು. ಮಳೆಗಾಲದಲ್ಲಿ ವಿದ್ಯುತ್ ಕೈಕೊಟ್ಟು ಕಂಪ್ಯೂಟರ್ ನಿಂತರೆ, ಹಿಂದಿನ ಟ್ಯಾಬುಗಳನ್ನು ಮರಳಿ ತೆರೆಯುವ ವ್ಯವಸ್ಥೆ ಎರಡರಲ್ಲಿಯೂ ಇದೆ. ಆದರೆ ಅರ್ಧ ತುಂಬಿದ ಅರ್ಜಿ ಮರಳಿ ಬರುವುದೆಂಬ ಭರವಸೆಯಿಲ್ಲ.

ಇಲ್ಲಿ ವೈಯಕ್ತಿಕ ಅನುಕೂಲಕ್ಕಿಂತ ಮಿಗಿಲಾದ ಮಾತೊಂದಿದೆ. 2024ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಲಯವೊಂದು ಗೂಗಲ್ ಕಂಪನಿ ಹುಡುಕಾಟದ ಕ್ಷೇತ್ರದಲ್ಲಿ ಕಾನೂನುಬಾಹಿರವಾಗಿ ಏಕಾಧಿಪತ್ಯ ನಡೆಸಿದೆಯೆಂದು ತೀರ್ಪಿತ್ತಿತು. ಕ್ರೋಮನ್ನು ಮಾರಿಬಿಡಬೇಕೆಂಬ ಸರ್ಕಾರದ ಬೇಡಿಕೆಯನ್ನು ಮಾತ್ರ 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ. ನ್ಯಾಯಾಲಯಗಳು ಮಾಡಬಹುದಾದುದಕ್ಕೆ ಮಿತಿಯುಂಟು. ಉಳಿದುದು ಬಳಸುವವರ ಕೈಯಲ್ಲಿದೆ. ಎಲ್ಲರೂ ಒಂದೇ ಬಾಗಿಲಿನಿಂದ ಹೋಗತೊಡಗಿದರೆ, ಪುಟ ಬರೆಯುವವರು ಜಾಲದ ಸಮಾನ ವ್ಯಾಕರಣವನ್ನು ಮರೆತು ಆ ಬಾಗಿಲಿನ ಯಜಮಾನನ ಇಂಗಿತವನ್ನೇ ವ್ಯಾಕರಣವೆಂದು ತಿಳಿಯುತ್ತಾರೆ. ಒಂದೇ ಬಾಗಿಲಿದ್ದ ದಿನಗಳಲ್ಲಿ ಕನ್ನಡ ಪಟ್ಟ ಪಾಡು ಎಲ್ಲರ ಮುಂದಿದೆ. ಹಲವು ಬಾಗಿಲುಗಳು ತೆರೆದಿರಬೇಕಾದರೆ ಹಲವು ಬಾಗಿಲುಗಳಿಂದ ಜನ ಹೋಗಿಬರುತ್ತಿರಬೇಕು. ಬಳಸದ ಬಾಗಿಲಿಗೆ ಗೆದ್ದಲು ಹಿಡಿಯುತ್ತದೆ.

ಅಭ್ಯಾಸ

ಅ) ಕೆಳಗಿನ ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ತಾಳಗುಂದದ ಸ್ತಂಭಶಾಸನವನ್ನು ರಚಿಸಿದ ಕವಿ ಯಾರು?
2. ಮೊದಲ ಬ್ರೌಸರನ್ನು ಯಾರು, ಯಾವ ವರ್ಷ ರಚಿಸಿದರು?
3. ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಕನ್ನಡ ಫಾಂಟಿನ ಹೆಸರೇನು?
4. ‘ಕುಕಿ’ ಎಂದರೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಬ್ರೌಸರಿನ ಎಂಜಿನ್ನಿಗೂ ಹೊರಕವಚಕ್ಕೂ ಇರುವ ವ್ಯತ್ಯಾಸವನ್ನು ಬಸ್ಸಿನ ಉದಾಹರಣೆಯೊಡನೆ ವಿವರಿಸಿ.
2. ಯುನಿಕೋಡ್ ಬರುವ ಮುನ್ನ ಜಾಲದಲ್ಲಿ ಕನ್ನಡ ಓದಲು ಇದ್ದ ತೊಡಕುಗಳಾವುವು?
3. ಸೇವಾಕೇಂದ್ರದ ಕಂಪ್ಯೂಟರನ್ನು ಬಳಸುವಾಗ ವಹಿಸಬೇಕಾದ ಎಚ್ಚರಗಳನ್ನು ತಿಳಿಸಿ.

ಇ) ಸಂದರ್ಭದೊಡನೆ ವಿವರಿಸಿ.
1. “ಎದುರಾಳಿಗಳಾದರೂ ಅಕ್ಷರದ ವಿಷಯದಲ್ಲಿ ಅವು ಒಂದೇ ಗುರುವಿನ ಶಿಷ್ಯರು.”
2. “ಬಳಸದ ಬಾಗಿಲಿಗೆ ಗೆದ್ದಲು ಹಿಡಿಯುತ್ತದೆ.”

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ.
ವಿದ್ಯಾರ್ಜನೆ, ಏಕಾಧಿಪತ್ಯ, ಪರಾಧೀನ, ಹೆಚ್ಚಿಲ್ಲ.

ಉ) ಚಟುವಟಿಕೆ
ಶಾಲೆಯ ಕಂಪ್ಯೂಟರಿನಲ್ಲಿ ಅವೇ ಐದು ಪುಟಗಳನ್ನು ಎರಡು ಬ್ರೌಸರುಗಳಲ್ಲಿ ತೆರೆದು, ತೆರೆಯಲು ಹಿಡಿದ ಸಮಯ, ಖರ್ಚಾದ ಸ್ಮೃತಿ, ಕನ್ನಡ ಅಕ್ಷರಗಳ ಸ್ಪಷ್ಟತೆ, ಇವುಗಳನ್ನು ಪಟ್ಟಿಮಾಡಿ ತರಗತಿಯಲ್ಲಿ ಚರ್ಚಿಸಿ.